ಅಪ್ಪ ಎಣಿಸಿದ ಹುಲಿಗಳು

ನಮ್ಮೂರು ಹದಿನಾರು. ಕಾಲೇಜಿನಲ್ಲಿ ಹೆಸರು ಹೇಳಿದ ತಕ್ಷಣ ‘ಹಾಗಾದ್ರೆ ಹದಿನೇಳು ಎಲ್ಲಿದೆ?’ ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ನಂಜನಗೂಡು ತಾಲ್ಲೂಕಿನ ಈ ಊರನ್ನು ಪಕ್ಷಿ ನೋಡುವವರು ಕೆರೆಯಿಂದ ಗುರುತಿಸುತ್ತಾರೆ, ಇತಿಹಾಸ ಓದಿದವರು ಮೈಸೂರು ಅರಸರ ಮೂಲದ ಕಥೆಯಿಂದ. ನಮ್ಮೂರಿನವರು ನಮ್ಮ ಮನೆಯನ್ನು ಗುರುತಿಸುವುದು ಹಿಟ್ಟಿನ ಮಿಲ್ಲಿನಿಂದ. ಅಪ್ಪ ಇಪ್ಪತ್ತೆಂಟು ವರ್ಷದಿಂದ ಅದೇ ಮಿಲ್ಲಿನಲ್ಲಿ ರಾಗಿ, ಗೋಧಿ, ಮೆಣಸಿನಕಾಯಿ ಬೀಸಿಕೊಡುತ್ತಿದ್ದಾರೆ. ಕಿವಿಗೆ ಹತ್ತಿ ಕೂಡ ಇಟ್ಟುಕೊಂಡವರಲ್ಲ.

ಮೂರು ವರ್ಷದ ಹಿಂದೆ ಒಂದು ರಾತ್ರಿ ಅಮ್ಮನನ್ನು ಎಬ್ಬಿಸಿ, ಮಿಲ್ಲಿನ ಸ್ವಿಚ್ ಆಫ್ ಮಾಡಿದೀನಾ ನೋಡು ಅಂದರಂತೆ. ಆಫ್ ಆಗಿತ್ತು. ‘ಮಿಲ್ಲು ನಿಂತಿದ್ರೂ ಕಿವಿಯೊಳಗ ಓಡ್ತಾನೇ ಅದ ಕಣವ್ವ’ ಎಂದು ಬೆಳಿಗ್ಗೆ ನನಗೆ ಹೇಳಿದಾಗ ನಕ್ಕಿದ್ದರು. ಆ ನಗು ಒಂದು ತಿಂಗಳೂ ಇರಲಿಲ್ಲ. ನಿದ್ದೆ ಹೋಯಿತು. ಭಜನೆ ಮನೆಗೆ ಹೋಗುವುದು ನಿಂತಿತು. ಊಟಕ್ಕೆ ಕೂತವರು ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಹಾಕಿ ನೋಡಿದ್ದಾಯಿತು, ಹರಕೆ ಹೊತ್ತಿದ್ದಾಯಿತು. ಒಬ್ಬ ಡಾಕ್ಟರು ಎರಡು ನಿಮಿಷ ನೋಡಿ, ‘ವಯಸ್ಸಾಯ್ತಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು ಕಳಿಸಿದರು. ಹೇಗೆ ಅಡ್ಜಸ್ಟ್ ಮಾಡಿಕೊಳ್ಳಬೇಕು ಎಂದು ಮಾತ್ರ ಹೇಳಲಿಲ್ಲ. ಈಗ ಯೋಚಿಸಿದರೆ ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಆ ‘ಹೇಗೆ’ ಅನ್ನುವುದೇ ಒಂದು ಚಿಕಿತ್ಸೆ ಎಂಬುದು ನಮಗೆ ಗೊತ್ತಾಗಲು ವರ್ಷ ಹಿಡಿಯಿತು.

ಕೊನೆಗೆ ಹೋಗಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. 1960ರ ದಶಕದಲ್ಲಿ ಆ ಸಂಸ್ಥೆಗೆ ಜಾಗ ಕೊಟ್ಟವರು ಜಯಚಾಮರಾಜ ಒಡೆಯರು. ಕಾಯುವ ಬೆಂಚಿನ ಮೇಲೆ ಇದನ್ನು ಹೇಳಿದ್ದಕ್ಕೆ ಅಪ್ಪ, ‘ಹಂಗಾದ್ರ ನಮ್ಮೂರ ನೆಂಟರ ಮನೆಗೇ ಬಂದಂಗಾಯ್ತು’ ಅಂದರು. ಬಹಳ ದಿನದ ಮೇಲೆ ಅವರ ಬಾಯಲ್ಲಿ ಬಂದ ಜೋಕು ಅದು.

ಪರೀಕ್ಷೆಯಲ್ಲಿ ಗೊತ್ತಾಗಿದ್ದು ಇಷ್ಟು: ಎರಡೂ ಕಿವಿಯಲ್ಲಿ ಕೀಚಲು ದನಿಗಳು ಕೇಳುವ ಶಕ್ತಿ ಕುಗ್ಗಿದೆ. ಒಳಕಿವಿಯಲ್ಲಿ ಕೂದಲಿನಂಥ ಸೂಕ್ಷ್ಮ ಜೀವಕೋಶಗಳಿರುತ್ತವೆ, ಜೋರು ಶಬ್ದಕ್ಕೆ ಅವು ಸಾಯುತ್ತವೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಯಿಂದ ಬರಬೇಕಾದ ಸದ್ದು ಬರದೇ ಹೋದಾಗ ಮಿದುಳು ತನ್ನ ವಾಲ್ಯೂಮ್ ತಾನೇ ಏರಿಸಿಕೊಳ್ಳುತ್ತದೆ. ಸ್ಟೇಷನ್ ಸಿಗದ ರೇಡಿಯೊ ಜೋರು ಮಾಡಿದರೆ ಗೊರಗೊರ ಅನ್ನುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ. ಇದಕ್ಕೆ ಟಿನ್ನಿಟಸ್ ಎನ್ನುತ್ತಾರೆ. ನಮ್ಮಲ್ಲಿ ಕಿವಿಮೊರೆತ ಎನ್ನುವ ಮಾತಿದೆ, ಆಯುರ್ವೇದದವರು ಕರ್ಣನಾದ ಎನ್ನುತ್ತಾರೆ. ಪ್ರಪಂಚದಲ್ಲಿ ವಯಸ್ಕರ ಪೈಕಿ ಸುಮಾರು ಶೇ 14ರಷ್ಟು ಜನರಿಗೆ ಇದು ಇದೆ ಎಂದು 2022ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ ಹೇಳುತ್ತದೆ. ಬಹುತೇಕರು ಅದರ ಪಾಡಿಗೆ ಅದನ್ನು ಬಿಟ್ಟು ಬದುಕುತ್ತಾರೆ, ಕೆಲವರಿಗೆ ಅದು ಬದುಕನ್ನೇ ತಿನ್ನುತ್ತದೆ. ಗುಣವಾಗಿಸುವ ಮಾತ್ರೆ ಇಲ್ಲ.

ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಎಂಬ ಇಪ್ಪತ್ತೈದು ಪ್ರಶ್ನೆಗಳ ಹಾಳೆಯನ್ನೂ ತುಂಬಿಸಿದರು. ನೂರಕ್ಕೆ ಅಪ್ಪನ ಅಂಕ 62. ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್, ಇಲ್ಲಿ ‘ತೀವ್ರ’. ಕಿವಿಗೆ ಯಂತ್ರ ಹಾಕಿಸಿಕೊಳ್ಳಿ, ಜೊತೆಗೆ ಸಿಬಿಟಿ ಮಾಡಿಸಿ ಎಂದರು. ಸಿಬಿಟಿ ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳುವ ಚಿಕಿತ್ಸೆ, ಮನಃಶಾಸ್ತ್ರಜ್ಞರ ಜೊತೆ.

ಮನಃಶಾಸ್ತ್ರಜ್ಞರು ಎಂದ ಕೂಡಲೇ ಅಪ್ಪ ಎದ್ದು ನಿಂತರು. ‘ನಂಗೆ ಕಿವಿ ಕೆಟ್ಟದ, ತಲ ಕೆಟ್ಟಿಲ್ಲ.’ ವಾರಕ್ಕೊಂದು ದಿನ ಮಿಲ್ಲು ಮುಚ್ಚಿ, ನಂಜನಗೂಡಿಗೊಂದು ಬಸ್ಸು, ಮೈಸೂರಿಗೆ ಇನ್ನೊಂದು ಬಸ್ಸು ಹತ್ತಿ ಹೋದರೆ ಊರಿನವರು ಎಲ್ಲಿಗೆ ಎಂದು ಕೇಳುತ್ತಾರೆ. ಉತ್ತರ ಹೇಳಿದರೆ ಸಂಜೆಯೊಳಗೆ ‘ಮಿಲ್ಲಿನವರಿಗೆ ತಲೆ ಕೆಟ್ಟಿದೆಯಂತೆ’ ಎಂದು ಕೆರೆಯ ಆಚೆ ದಡಕ್ಕೂ ಸುದ್ದಿ ಮುಟ್ಟಿರುತ್ತದೆ. ಹಳ್ಳಿಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ನಾನು ಮೊಬೈಲ್ ಹಿಡಿದು ಹುಡುಕತೊಡಗಿದೆ. ಇಂಟರ್‌ನೆಟ್ ಮೂಲಕ ಈ ಚಿಕಿತ್ಸೆ ಕೊಡುವುದು ಹೊಸದೇನಲ್ಲ. ಸ್ವೀಡನ್ನಿನ ಗೆರ್ಹಾರ್ಡ್ ಆಂಡರ್ಸನ್ ಮತ್ತವರ ಜೊತೆಗಾರರು ಕಿವಿಮೊರೆತಕ್ಕೆ ಇದನ್ನು ಪರೀಕ್ಷಿಸಿ 2002ರಲ್ಲೇ ಪ್ರಕಟಿಸಿದ್ದಾರೆ. ಆಮೇಲೆ ಬ್ರಿಟನ್ನಿನಲ್ಲಿ ಎಲ್ಡ್ರೆ ಬ್ಯೂಕ್ಸ್ ಎಂಬ ಶ್ರವಣತಜ್ಞೆಯ ತಂಡ 92 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಸ್ಪತ್ರೆಯಲ್ಲಿ ಎದುರಾಎದುರು ಚಿಕಿತ್ಸೆ, ಇನ್ನೊಂದಕ್ಕೆ ಆನ್‌ಲೈನ್ ಸಿಬಿಟಿ ಕೊಟ್ಟು ನೋಡಿತು. 2018ರ ಆ ವರದಿಯ ಪ್ರಕಾರ ಆನ್‌ಲೈನ್‌ನವರೇನೂ ಹಿಂದೆ ಬೀಳಲಿಲ್ಲ. ಆ ತಂಡದಲ್ಲಿ ಒಂದು ಹೆಸರು ನೋಡಿ ನನಗೆ ಖುಷಿಯಾಯಿತು: ವಿನಯ ಮಂಚಯ್ಯ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಸ್ವೀಡನ್ನಿನಲ್ಲಿ ಪಿಎಚ್.ಡಿ ಮಾಡಿ, ಅಮೆರಿಕದಲ್ಲಿ ಪ್ರೊಫೆಸರ್ ಆದವರು. ಅಲ್ಲಿ ಅವರ ತಂಡ ಇದೇ ಪಾಠಗಳನ್ನು ಆರನೇ ತರಗತಿ ಓದಿದವರಿಗೂ ಅರ್ಥವಾಗುವಷ್ಟು ಸರಳ ಮಾಡಿ, ಸ್ಪ್ಯಾನಿಷ್‌ಗೂ ತಂದಿತು. ನಾನು ಹುಡುಕಿದಾಗ ಕನ್ನಡದಲ್ಲಿ ಅಂಥದ್ದು ಸಿಗಲಿಲ್ಲ.

ಸಿಕ್ಕಿದ್ದು ವಿಡಿಯೊ ಕಾಲ್‌ನಲ್ಲಿ ಸಿಬಿಟಿ ಮಾಡುವ ಮೈಸೂರಿನ ಒಬ್ಬ ಮನಃಶಾಸ್ತ್ರಜ್ಞೆ. ಎಂಟು ವಾರ, ವಾರಕ್ಕೆ ನಲವತ್ತು ನಿಮಿಷ, ಉಳಿದ ದಿನ ಹೋಮ್‌ವರ್ಕ್. ಅವರದು ಚಂದದ ಕನ್ನಡ. ಆದರೆ ಹೋಮ್‌ವರ್ಕ್ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪನಿಗೆ ಅವನ್ನು ಕನ್ನಡ ಮಾಡಿಕೊಡುವ ಕೆಲಸ ಎಂ.ಕಾಂ ಓದುವ ನನ್ನ ಪಾಲಿಗೆ ಬಂತು. ಸಿಗ್ನಲ್ ಸರಿಯಾಗಿ ಸಿಗುವುದು ನಮ್ಮ ತಾರಸಿಯ ಒಂದು ಮೂಲೆಯಲ್ಲಿ ಮಾತ್ರ, ಅಲ್ಲೇ ಕುರ್ಚಿ ಹಾಕಿದೆವು. ನೋಡಿದವರು ಅಪ್ಪ ಯಾರೋ ನೆಂಟರ ಜೊತೆ ಮಾತಾಡುತ್ತಿದ್ದಾರೆ ಎಂದುಕೊಂಡರು.

ಮೊದಲ ವಾರಗಳಲ್ಲಿ ಮೈ ಸಡಿಲ ಬಿಡುವ ಅಭ್ಯಾಸ. ಮುಷ್ಟಿ ಬಿಗಿಹಿಡಿ, ಬಿಡು, ಭುಜ ಬಿಗಿ ಮಾಡು, ಬಿಡು. ‘ಮೂಟ ಇಳಿಸಿದಂಗೆ’ ಎಂದು ಅಪ್ಪನೇ ಅದಕ್ಕೆ ಹೆಸರಿಟ್ಟರು. ಅದು ಸುಲಭವಾಗಿಯೇ ಹತ್ತಿತು. ಕಷ್ಟವಾದದ್ದು ಆಲೋಚನೆ ಬರೆಯುವುದು. ಸದ್ದು ಯಾವಾಗ ಕಾಡಿತು, ಆಗ ಮನಸ್ಸಿಗೆ ಬಂದದ್ದೇನು, ಭಯ ಹತ್ತಕ್ಕೆ ಎಷ್ಟು, ಅದನ್ನೇ ಇನ್ನೊಂದು ರೀತಿ ನೋಡಬಹುದೇ? ನಾಲ್ಕು ಕಾಲಂ. ಅಪ್ಪ ಮಿಲ್ಲಿನ ಲೆಕ್ಕದ ಪುಸ್ತಕವನ್ನೇ ಹಿಂದಿನಿಂದ ತಿರುಗಿಸಿ ಗೆರೆ ಎಳೆದರು. ವಾರಗಟ್ಟಲೆ ‘ಏನೂ ಇಲ್ಲ’ ಎಂದೇ ಬರೆದರು.

ಒಂದು ಪದ ನನಗೆ ಕನ್ನಡಕ್ಕೆ ಬಗ್ಗಲೇ ಇಲ್ಲ: ಕ್ಯಾಟಾಸ್ಟ್ರೊಫೈಸಿಂಗ್. ನಿಘಂಟು ನೋಡಿ ‘ವಿಪತ್ತೀಕರಣ’ ಎಂದು ಬರೆದೆ. ಅಪ್ಪ ಅದನ್ನು ಯಾವುದೋ ಸರ್ಕಾರಿ ಆಫೀಸಿನ ನೋಟಿಸ್ ಹಿಡಿದ ಹಾಗೆ ಹಿಡಿದು ಕೂತರು. ಸಣ್ಣದನ್ನು ಮನಸ್ಸಲ್ಲೇ ಬೆಳೆಸಿ ಬೆಳೆಸಿ ಹೆದರೋದು ಕಣಪ್ಪ ಅಂದೆ. ‘ಓ, ಇಲಿ ಹೋದ್ರ ಹುಲಿ ಹೋಯ್ತು ಅಂದಂಗೆ’ ಅಂದರು. ಅಷ್ಟೇ, ಆವತ್ತಿನಿಂದ ಅದು ‘ಹುಲಿ’. ರಾತ್ರಿ ಮಿಲ್ಲಿನ ಬಾಗಿಲು ಹಾಕಿ ಬಂದವರು ‘ಇವತ್ತು ಎರಡು ಹುಲಿ’ ಎಂದು ವರದಿ ಕೊಡುತ್ತಿದ್ದರು. ಲೆಕ್ಕದ ಪುಸ್ತಕ ತುಂಬತೊಡಗಿತು.

ನಾಲ್ಕನೇ ವಾರ ಆ ಪುಸ್ತಕವನ್ನು ಫೋಟೊ ತೆಗೆದು ಕಳಿಸಲು ನನ್ನ ಕೈಗೆ ಕೊಟ್ಟರು. ಒಂದು ಸಾಲು: ‘ಸದ್ದು ಜಾಸ್ತಿಯಾಗಿ ನನಗೆ ಹುಚ್ಚು ಹಿಡಿಯುತ್ತೆ. ಹುಚ್ಚನ ಮಗಳನ್ನ ಯಾರು ಮಾಡಿಕೊಳ್ಳುತ್ತಾರೆ.’ ಭಯ ಹತ್ತಕ್ಕೆ ಹತ್ತು. ಒಂದು ವರ್ಷದಿಂದ ಅಪ್ಪ ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಿದ್ದುದು ಬರೀ ಸದ್ದಿಗಲ್ಲ ಎಂದು ನನಗೆ ಆಗ ಗೊತ್ತಾಯಿತು. ಫೋಟೊ ಕಳಿಸಿ, ಪುಸ್ತಕ ವಾಪಸ್ ಕೊಟ್ಟೆ. ಆ ವಾರದ ಕಾಲ್‌ನಲ್ಲಿ ನಾನು ಕೆಳಗೆ ಇರಬೇಕೆಂದು ಮೇಡಂ ಹೇಳಿದರು. ನಲವತ್ತು ನಿಮಿಷ ಅವತ್ತು ಒಂದೂಕಾಲು ಗಂಟೆಯಾಯಿತು. ಅಪ್ಪ ಇಳಿದು ಬಂದು ಅನ್ನ ಬಡಿಸು ಅಂದರು. ಪುಸ್ತಕದ ನಾಲ್ಕನೇ ಕಾಲಂನಲ್ಲಿ ಆಮೇಲೆ ಬರೆದಿದ್ದರು: ‘ಮೂರು ವರ್ಷದಿಂದ ಸದ್ದು ಇದೆ. ಮೂರು ವರ್ಷವೂ ಲೆಕ್ಕ ತಪ್ಪಿಲ್ಲ. ಹುಚ್ಚನಿಗೆ ಲೆಕ್ಕ ಬರಲ್ಲ.’ ಭಯ ಹತ್ತಕ್ಕೆ ಐದು. (ಇದನ್ನೆಲ್ಲ ಬರೆಯುತ್ತಿರುವುದು ಅಪ್ಪನ ಒಪ್ಪಿಗೆ ಪಡೆದೇ.)

ಪೂರ್ತಿ ನಿಶ್ಶಬ್ದ ಕಿವಿಮೊರೆತಕ್ಕೆ ಒಳ್ಳೆಯದಲ್ಲ, ಹಿನ್ನೆಲೆಯಲ್ಲಿ ಏನಾದರೂ ಮೆಲುದನಿ ಇರಲಿ ಎನ್ನುತ್ತಾರೆ. ಮೊಬೈಲಿನಲ್ಲಿ ಮಳೆಯ ಸದ್ದು ಹಾಕಿಕೊಟ್ಟೆ. ‘ಬೆಳೆ ಒಣಗ್ತಾ ಇರೋವಾಗ ಈ ಸುಳ್ಳು ಮಳ ಯಾಕೆ’ ಎಂದು ಬೈದು ತೆಗೆಸಿದರು. ಅದು ಡಿಸೆಂಬರು. ನಮ್ಮ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ಕಾಲ. ಮೈಸೂರಿನಿಂದ ಕ್ಯಾಮೆರಾ ಹೊತ್ತವರು ಬರುವ ಹೊತ್ತಿಗೆ ಅಪ್ಪ ಏರಿಯ ಮೇಲೆ ಕೂತು ಅವುಗಳ ಗದ್ದಲ ಕೇಳುತ್ತಿದ್ದರು. ಕಿವಿಯ ಗುಂಯ್‌ಗುಟ್ಟುವಿಕೆಯಿಂದ ಬಾತಿನ ಕೂಗಿಗೆ, ಅಲ್ಲಿಂದ ಪಂಪ್‌ಸೆಟ್ಟಿಗೆ, ಮತ್ತೆ ಕಿವಿಗೆ ಗಮನ ಬದಲಿಸುವುದೂ ಒಂದು ಹೋಮ್‌ವರ್ಕ್. ಅದನ್ನು ಅವರು ಒಂದು ದಿನವೂ ತಪ್ಪಿಸಲಿಲ್ಲ.

ಎಂಟು ವಾರದ ಕೊನೆಗೆ ಅದೇ ಇಪ್ಪತ್ತೈದು ಪ್ರಶ್ನೆ ಕೇಳಿದಾಗ ಅಂಕ 34. ಸದ್ದು ಕಡಿಮೆಯಾಯಿತೇ? ಇಲ್ಲ, ಅಷ್ಟೇ ಇದೆ ಎನ್ನುತ್ತಾರೆ. ಸಂಶೋಧನೆಗಳೂ ಬೇರೆ ಮಾತು ಕೊಡುವುದಿಲ್ಲ. 28 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2020ರ ಕಾಕ್ರೇನ್ ಪರಿಶೀಲನೆ ಹೇಳುವುದು, ಸಿಬಿಟಿಯಿಂದ ಕಿವಿಮೊರೆತ ಬದುಕಿಗೆ ಕೊಡುವ ಕಾಟ ತಗ್ಗಬಹುದು ಎಂದಷ್ಟೇ. ಅಪ್ಪ ಈಗ ರಾತ್ರಿ ಐದು ಗಂಟೆಯಾದರೂ ಮಲಗುತ್ತಾರೆ, ಭಜನೆಗೆ ಹೋಗುತ್ತಾರೆ. ತಾಳ ಹೊಡೆಯುವವರಿಂದ ಸ್ವಲ್ಪ ದೂರ ಕೂರುತ್ತಾರೆ. ಮಿಲ್ಲಿನಲ್ಲಿ ಇಯರ್ ಮಫ್ ಹಾಕುತ್ತಾರೆ. ದಿನಕ್ಕೆ 8 ಗಂಟೆ ಕೇಳುವ ಸದ್ದು 85 ಡೆಸಿಬಲ್ ದಾಟಬಾರದು ಎಂಬ ಲೆಕ್ಕ ಅವರಿಗೆ ಈಗ ಬಾಯಿಪಾಠ. ನಾನು ಇಯರ್‌ಫೋನ್ ಹಾಕಿದರೆ ಅದೇ ಲೆಕ್ಕ ಒಪ್ಪಿಸುತ್ತಾರೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಹೀಗಿದ್ದರೆ ಮೊದಲು ಕಿವಿ ತೋರಿಸಿ, ಆಮೇಲೆ ಆನ್‌ಲೈನ್. ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಬಡಿತದಂತೆ ಬಡಿಯುತ್ತಿದ್ದರೆ ತಡಮಾಡದೆ ತೋರಿಸಿ. ದಿಢೀರ್ ಕಿವುಡಾದರಂತೂ ಆವತ್ತೇ ಓಡಬೇಕು. ಮನಸ್ಸು ತೀರಾ ಕುಸಿದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ನಾನು ಕನ್ನಡ ಮಾಡಿದ ಹಾಳೆಗಳು ಒಟ್ಟು ಇಪ್ಪತ್ತಮೂರು. ಟಿ. ನರಸೀಪುರ ಕಡೆಯ ಇನ್ನೊಬ್ಬರಿಗೆ ಕೊಡಬಹುದೇ ಎಂದು ಮೇಡಂ ಕೇಳಿದರು. ಕೊಡಿ ಅಂದೆ. ಎರಡು ವಾರದ ಮೇಲೆ ಸುದ್ದಿ ಬಂತು: ಅವರು ‘ಹುಲಿ’ಯನ್ನು ಹೊಡೆದುಹಾಕಿ ‘ಕಡ್ಡೀನ ಗುಡ್ಡ ಮಾಡೋದು’ ಎಂದು ಬರೆದುಕೊಂಡಿದ್ದಾರಂತೆ. ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಗುಡ್ಡ ಎದ್ದು ಓಡೋಗಲ್ಲವಲ್ಲ. ಹುಲಿಯೇ ವಾಸಿ’ ಅಂದರು.