ಅಪ್ಪ ಬಿಟ್ಟ ನೀರಿನ ಮಾತ್ರೆ: ಹೃದಯದ ತೊಂದರೆ ಇರುವವರು ಪ್ರವಾಸ ಹೊರಡುವ ಮುನ್ನ



ಬೇಸಿಗೆ ರಜೆ, ದಸರಾ, ದೀಪಾವಳಿ ಹತ್ತಿರ ಬಂತೆಂದರೆ ಪುಣೆಯ ನನ್ನ ಕ್ಲಿನಿಕ್ಕಿನಲ್ಲಿ ಕನ್ನಡದವರದು ಒಂದೇ ಪ್ರಶ್ನೆ: "ಡಾಕ್ಟ್ರೇ, ಊರಿಗೆ ಹೋಗಬಹುದಾ? ಹಾಗೇ ನಾಲ್ಕು ಕಡೆ ಸುತ್ತಿ ಬರಬಹುದಾ?" ಎಲ್ಲಿ ಬೇಡ ಅಂದುಬಿಡುತ್ತಾರೋ ಎಂಬ ಅಳುಕು ಅವರ ಮುಖದಲ್ಲೇ ಕಾಣುತ್ತದೆ. ಹೆಚ್ಚಿನವರಿಗೆ ನಾನು "ಹೋಗಿ ಬನ್ನಿ" ಎಂದೇ ಹೇಳುತ್ತೇನೆ. ಆದರೆ ಹಾಗೆ ಹೇಳುವ ಮೊದಲು ಈಗ ಐದು ನಿಮಿಷ ಜಾಸ್ತಿ ಮಾತಾಡುತ್ತೇನೆ. ಅದಕ್ಕೆ ಕಾರಣ ನನ್ನ ಅಪ್ಪ.

ನಮ್ಮದು ಧಾರವಾಡದ ಕಡೆ. ಅಪ್ಪ, ಅವ್ವ ಈಗ ನಮ್ಮ ಜೊತೆ ಪುಣೆಯಲ್ಲೇ ಇದ್ದಾರೆ. ಅಪ್ಪನಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದೆ, ಹೃದಯದ ಪಂಪ್ ಮಾಡುವ ಶಕ್ತಿ ಸ್ವಲ್ಪ ಕುಗ್ಗಿದೆ. ಕೆಲವು ವರ್ಷಗಳ ಹಿಂದೆ ಡಿಸೆಂಬರ್ ರಜೆಯಲ್ಲಿ ಎಲ್ಲರೂ ಕಾರಿನಲ್ಲಿ ಹೊರಟೆವು. ಯೋಜನೆ ಪೂರ್ತಿ ನನ್ನದು. ಮೊದಲ ದಿನ ಕೊಲ್ಲಾಪುರ, ಎರಡನೆಯ ದಿನ ವಿಜಯಪುರದ ಗೋಳಗುಮ್ಮಟ, ಮೂರನೆಯ ದಿನ ಐಹೊಳೆ, ಪಟ್ಟದಕಲ್ಲು, ಬಾದಾಮಿ ಮೂರೂ. ನಾಲ್ಕನೆಯ ದಿನ ಬೆಳಗ್ಗೆಯೇ ಹಂಪಿಗೆ ಓಟ. ಸಿಕ್ಕಿದ ರಜೆಯಲ್ಲಿ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಹಟ.

ಬಾದಾಮಿಯಲ್ಲಿ ಉಳಿದ ರಾತ್ರಿ ಎರಡು ಗಂಟೆಗೆ ಅವ್ವ ನಮ್ಮ ಕೋಣೆಯ ಬಾಗಿಲು ಬಡಿದಳು. ಹೋಗಿ ನೋಡಿದರೆ ಅಪ್ಪ ಮಂಚದ ಅಂಚಿಗೆ ಕೂತು ಏದುಸಿರು ಬಿಡುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಎರಡೂ ಪಾದ ಬಾತಿದ್ದವು.

"ಅಪ್ಪಾ, ನೀರಿನ ಮಾತ್ರೆ ತಗೊಂಡೀರಿಲ್ಲೋ?"

"ಮೂರು ದಿನ ಆತಪಾ, ಬಿಟ್ಟೇನಿ. ತಾಸಿಗೊಮ್ಮೆ ಗಾಡಿ ನಿಲ್ಲಸು ಅಂತ ಹೆಂಗ ಹೇಳ್ಲಿ? ನಿನಗ ಸಿಕ್ಕಿದ್ದ ನಾಕು ದಿನ ರಜಾ."

ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಮ್ಲಜನಕ ಕೊಟ್ಟು, ಇಂಜೆಕ್ಷನ್ ಹಾಕಿದ ಮೇಲೆ ಬೆಳಗಾಗುವಷ್ಟರಲ್ಲಿ ಚೇತರಿಸಿಕೊಂಡರು. ಹಂಪಿ ಬಿಟ್ಟು ಮನೆಗೆ ಬಂದೆವು. ದಿನಾ ಎಷ್ಟೋ ಜನರಿಗೆ ಮಾತ್ರೆ ತಪ್ಪಿಸಬೇಡಿ ಎಂದು ಹೇಳುವ ನಾನು ನನ್ನ ಅಪ್ಪನನ್ನು ಒಂದು ಸಲವೂ ಕೇಳಿರಲಿಲ್ಲ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು: ನನ್ನ ಅವಸರ ನೋಡಿ, ಗಾಡಿ ನಿಲ್ಲಿಸು ಅನ್ನಲು ಅವರಿಗೆ ಸಂಕೋಚವಾಗಿತ್ತು.

ಹಾಗಾಗಿ ಈ ಕೆಲವು ಮಾತು. ದಯವಿಟ್ಟು ಪೂರ್ತಿ ಓದಿ.

*1. ನೀರಿನ ಮಾತ್ರೆ ಬಿಡಬೇಡಿ*
ಮೂತ್ರ ಹೆಚ್ಚಿಸುವ ಈ ಮಾತ್ರೆ ಶ್ವಾಸಕೋಶದಲ್ಲಿ, ಕಾಲಿನಲ್ಲಿ ನೀರು ತುಂಬದಂತೆ ತಡೆಯುತ್ತದೆ. ಪ್ರಯಾಣದ ದಿನ ಶೌಚಾಲಯದ ಚಿಂತೆಗೆ ಅದನ್ನು ಬಿಡುವವರು ತುಂಬಾ ಜನ. ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಎರಡೂ ತಪ್ಪು. ಮಾತ್ರೆ ಬಿಡುವ ಬದಲು ಅದರ ಹೊತ್ತನ್ನು ಕೆಲವು ತಾಸು ಮುಂದೆ ಹಾಕಬಹುದೇ ಎಂದು ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ. ಕಾರಿನಲ್ಲಿ ಹೋಗುವವರು ಹಿರಿಯರು ಬಾಯಿಬಿಟ್ಟು ಕೇಳುವವರೆಗೆ ಕಾಯಬೇಡಿ. ಎರಡು ತಾಸಿಗೊಮ್ಮೆ ನೀವಾಗಿಯೇ ನಿಲ್ಲಿಸಿ. ಎರಡು ಮೂರು ದಿನದಲ್ಲಿ ತೂಕ ಎರಡು ಕೆ.ಜಿ. ಏರಿದರೆ, ಪಾದ ಬಾತರೆ, ಮಲಗಿದಾಗ ದಮ್ಮು ಕಟ್ಟಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.

*2. ಸ್ಟೆಂಟ್ ಹಾಕಿಸಿಕೊಂಡವರು*
ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬೇಡಿ. ಮೊದಲ ಕೆಲವು ತಿಂಗಳಂತೂ ಇದು ಜೀವದ ಪ್ರಶ್ನೆ. ಮಾತ್ರೆ ನಿಂತರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತ ಆಗಬಹುದು. ಪ್ರವಾಸ ಎಂಟು ದಿನದ್ದಾದರೆ ಹನ್ನೆರಡು ದಿನದ ಮಾತ್ರೆ ಇಟ್ಟುಕೊಳ್ಳಿ. ಸೀಟಿನ ಕೆಳಗಿನ ಟ್ರಂಕಿನಲ್ಲೋ ವಿಮಾನದಲ್ಲಿ ಲಗೇಜಿಗೆ ಹಾಕುವ ಚೀಲದಲ್ಲೋ ಬೇಡ, ಕೈಚೀಲದಲ್ಲಿರಲಿ. ಮುಂಬೈಯಲ್ಲಿ ಸಿಗುವ ಕಂಪನಿಯ ಮಾತ್ರೆ ನಿಮ್ಮ ಹಳ್ಳಿಯ ಔಷಧಿ ಅಂಗಡಿಯಲ್ಲಿ ಸಿಗದೇ ಇರಬಹುದು. ಆದ್ದರಿಂದ ಒಳಗಿನ ಔಷಧಿಯ ಹೆಸರನ್ನೂ ಪ್ರಮಾಣವನ್ನೂ ಬರೆಸಿಕೊಳ್ಳಿ.

*3. ಒಂದು ಕಾಗದ, ಒಂದು ಫೋಟೊ*
ಒಂದೇ ಹಾಳೆಯಲ್ಲಿ ಇಷ್ಟು ಬರೆಯಿರಿ: ಹೆಸರು, ವಯಸ್ಸು, ಕಾಯಿಲೆ, ಸ್ಟೆಂಟ್ ಅಥವಾ ಆಪರೇಷನ್ ಆದ ದಿನಾಂಕ, ಮಾತ್ರೆಗಳು, ಯಾವ ಔಷಧಿ ಒಗ್ಗುವುದಿಲ್ಲ, ಮನೆಯವರ ಫೋನ್ ನಂಬರ್. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇರಲಿ. ಊರಿಂದ ದಿಲ್ಲಿಗೋ ಹೈದರಾಬಾದಿಗೋ ಮಕ್ಕಳ ಮನೆಗೆ ಬರುವ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಅಪ್ಪ ಅವ್ವಂದಿರ ಜೇಬಿನಲ್ಲಿ, ಪರ್ಸಿನಲ್ಲಿ ಇದು ಇರಲೇಬೇಕು. ಈಚಿನ ಇಸಿಜಿಯ ಫೋಟೊ ಮೊಬೈಲಿನಲ್ಲಿ ಇರಲಿ. ಹೊಸ ಇಸಿಜಿಯನ್ನು ಹಳೆಯದರ ಪಕ್ಕ ಇಟ್ಟು ನೋಡಿದರೆ ಅಲ್ಲಿನ ವೈದ್ಯರಿಗೆ ತೀರ್ಮಾನ ಸುಲಭ. ಪೇಸ್‌ಮೇಕರ್ ಇದ್ದವರು ಅದರ ಕಾರ್ಡ್ ಇಟ್ಟುಕೊಳ್ಳಿ. ವಿಮಾನ ನಿಲ್ದಾಣದ ತಪಾಸಣೆ ಬಾಗಿಲನ್ನು ದಾಟಬಹುದು, ಅಲ್ಲೇ ನಿಂತುಕೊಳ್ಳಬಾರದು ಅಷ್ಟೇ.

*4. ಕೂತೇ ಇರಬೇಡಿ*
ನಾಲ್ಕು ತಾಸಿಗಿಂತ ಹೆಚ್ಚು ಅಲುಗಾಡದೆ ಕೂತರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಆಗಾಗ ಪಾದವನ್ನು ಮೇಲೆ ಕೆಳಗೆ ಆಡಿಸಿ, ರೈಲಿನಲ್ಲಾದರೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಒಂದೇ ಕಾಲು ಬಾತು ನೋಯುತ್ತಿದ್ದರೆ, ಪ್ರಯಾಣದ ನಂತರ ಏಕಾಏಕಿ ಉಸಿರಾಟ ಕಷ್ಟವಾದರೆ ಆಸ್ಪತ್ರೆಗೆ ಹೋಗಿ.

*5. ಮೆಟ್ಟಿಲು, ಬೆಟ್ಟ*
ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಚಾಮುಂಡಿ ಬೆಟ್ಟಕ್ಕೆ ಸಾವಿರಕ್ಕೂ ಹೆಚ್ಚು. ಮನೆಯಲ್ಲಿ ಎರಡು ಮಹಡಿ ಹತ್ತಿದರೆ ಎದೆ ಹಿಡಿಯುವವರು, ಮಧ್ಯೆ ನಿಲ್ಲಬೇಕಾಗುವವರು ಮೊದಲು ವೈದ್ಯರನ್ನು ನೋಡಲಿ. ಚೆನ್ನಾಗಿರುವವರೂ ಹೊಟ್ಟೆ ತುಂಬ ಉಂಡ ಕೂಡಲೇ, ಮಟಮಟ ಮಧ್ಯಾಹ್ನದಲ್ಲಿ ಹತ್ತಬೇಡಿ. ಮಾತಾಡುತ್ತ ಹತ್ತಲು ಆಗುವಷ್ಟು ನಿಧಾನ ಸಾಕು. ಚಾಮುಂಡಿಗೆ ವಾಹನದ ರಸ್ತೆಯೂ ಇದೆ. ಮೆಟ್ಟಿಲು ಹತ್ತಲಿಲ್ಲವೆಂದು ತಾಯಿ ಮುನಿಯುವುದಿಲ್ಲ.

ಕೇದಾರನಾಥ ಬೇರೆಯೇ ಮಾತು. ಅದು ಸುಮಾರು 3,580 ಮೀಟರ್ ಎತ್ತರದಲ್ಲಿದೆ. ಸಮುದ್ರ ಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಅಲ್ಲಿ ಸಿಗುತ್ತದೆ. "ನಡೆಯುವುದಿಲ್ಲ ಡಾಕ್ಟ್ರೇ, ಹೆಲಿಕಾಪ್ಟರಿನಲ್ಲಿ ಹೋಗ್ತೀವಿ" ಎಂದು ಹಲವರು ಧೈರ್ಯದಿಂದ ಹೇಳುತ್ತಾರೆ. ಹೆಲಿಕಾಪ್ಟರ್ ಕಾಲಿನ ಶ್ರಮ ಉಳಿಸುತ್ತದೆ ನಿಜ. ಆದರೆ ಕೆಲವೇ ನಿಮಿಷದಲ್ಲಿ ಮೇಲೆ ಇಳಿಸಿದರೆ ದೇಹಕ್ಕೆ ಆ ಗಾಳಿಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ದಿಲ್ಲಿಯಿಂದ ವಿಮಾನದಲ್ಲಿ ನೇರ ಲೇಹ್‌ಗೆ ಹೋಗುವವರಿಗೂ ಇದೇ ಮಾತು. ಹೃದ್ರೋಗ ಇರುವವರು ಇಂಥ ಕಡೆ ವೈದ್ಯರನ್ನು ಕೇಳದೆ ಟಿಕೆಟ್ ತೆಗೆಸಬೇಡಿ. ತಲೆನೋವು, ವಾಂತಿ ಬಂದರೆ ಇನ್ನೂ ಮೇಲೆ ಹೋಗಬೇಡಿ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ನಡೆ ತೂರಾಡಿದರೆ ತಕ್ಷಣ ಕೆಳಗೆ ಇಳಿಯಿರಿ.

*6. ಬುತ್ತಿ*
ರೊಟ್ಟಿ, ಶೇಂಗಾ ಚಟ್ನಿ, ಚೂಡಾ, ಉಪ್ಪಿನಕಾಯಿ ಇಲ್ಲದೆ ನಮ್ಮ ಪ್ರಯಾಣ ಇಲ್ಲ. ರೊಟ್ಟಿ ಬೇಕಾದಷ್ಟು ಕಟ್ಟಿಕೊಳ್ಳಿ. ಚಟ್ನಿಗೆ ಅರ್ಧ ಉಪ್ಪು ಹಾಕಿ, ಉಪ್ಪಿನಕಾಯಿ ಡಬ್ಬಿ ಮನೆಯಲ್ಲೇ ಇರಲಿ. ಹೆಚ್ಚು ಉಪ್ಪು ದೇಹದಲ್ಲಿ ನೀರು ಹಿಡಿದಿಡುತ್ತದೆ, ಬಿಪಿ ಏರಿಸುತ್ತದೆ.

*7. ದಾರಿಯಲ್ಲಿ ಎದೆ ಹಿಡಿದರೆ*
ಎದೆ ನಡುವೆ ಭಾರ, ತೋಳಿಗೋ ದವಡೆಗೋ ಹಬ್ಬುವ ನೋವು, ತಣ್ಣನೆ ಬೆವರು ಬಂದರೆ "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಕಾಯಬೇಡಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೆಣ್ಣುಮಕ್ಕಳಲ್ಲಿ ನೋವಿಲ್ಲದೆ ಬರಿ ಸುಸ್ತು, ಉಬ್ಬಸವೂ ಇರಬಹುದು. ಕೂತುಕೊಳ್ಳಿ. ನಾಲಿಗೆ ಕೆಳಗಿಡುವ ಮಾತ್ರೆಯನ್ನು ವೈದ್ಯರು ಮೊದಲೇ ಕೊಟ್ಟಿದ್ದರೆ ಕೂತೇ ಇಟ್ಟುಕೊಳ್ಳಿ, ನಿಂತು ಇಟ್ಟುಕೊಂಡರೆ ತಲೆಸುತ್ತಿ ಬೀಳಬಹುದು. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿ. ಆ ಮಾತ್ರೆ ಇಲ್ಲದವರು ಕಾಯದೆ ಕರೆ ಮಾಡಿ. ರೈಲಿನಲ್ಲಿದ್ದರೆ 139. ನಮ್ಮ ಊರು ಮುಟ್ಟಿ ನಮ್ಮ ಡಾಕ್ಟರಿಗೇ ತೋರಿಸೋಣ ಎಂದು ತಡಮಾಡಬೇಡಿ, ಇಸಿಜಿ ಮಾಡುವ ಹತ್ತಿರದ ಆಸ್ಪತ್ರೆಯೇ ಆ ಹೊತ್ತಿಗೆ ಒಳ್ಳೆಯ ಆಸ್ಪತ್ರೆ.

*ಕೊನೆಗೆ*
ಎರಡು ವರ್ಷದ ನಂತರ ಅಪ್ಪನನ್ನು ಮತ್ತೆ ಬಾದಾಮಿಗೆ ಕರೆದುಕೊಂಡು ಹೋದೆ. ಈ ಸಲ ಮೊದಲು ಅವರನ್ನೇ ಕೇಳಿದೆ: "ಅಪ್ಪಾ, ನಿಮಗ ಏನು ನೋಡಬೇಕು?" ಅವರು ಗುಹೆಯನ್ನೂ ಕೇಳಲಿಲ್ಲ, ಹಂಪಿಯನ್ನೂ ಕೇಳಲಿಲ್ಲ. "ಅಗಸ್ತ್ಯ ತೀರ್ಥದ ಮೆಟ್ಟಲ ಮ್ಯಾಲ ಸ್ವಲ್ಪ ಹೊತ್ತು ಕೂಡೂಣು" ಅಂದರು. ಮಾತ್ರೆ ತೆಗೆದುಕೊಂಡು, ದಾರಿಯಲ್ಲಿ ಬೇಕಾದಲ್ಲೆಲ್ಲ ನಿಂತು, ಸಂಜೆ ಹೊತ್ತಿಗೆ ಆ ಕೆರೆಯ ದಂಡೆಗೆ ಬಂದು ಕೂತೆವು. ಶಾಲೆಯಲ್ಲಿದ್ದಾಗ ಮಾಸ್ತರರು ಅಲ್ಲಿಗೆ ಕರೆತಂದದ್ದು, ಬುತ್ತಿ ಗಂಟನ್ನು ಮಂಗ ಕಿತ್ತುಕೊಂಡು ಹೋದದ್ದು, ಊರು ಮುಟ್ಟುವವರೆಗೆ ಉಪವಾಸ ಇದ್ದದ್ದು, ಎಲ್ಲ ಹೇಳಿದರು. ಇಷ್ಟು ವರ್ಷದಲ್ಲಿ ನಾನು ಕೇಳದ ಕಥೆಗಳು. ಮೊದಲ ಸಲ ಅದೇ ಕೆರೆಯ ಮುಂದೆ ನಾವು ಹತ್ತು ನಿಮಿಷವೂ ನಿಂತಿರಲಿಲ್ಲ.

ಈ ರಜೆಯಲ್ಲಿ ಹೋಟೆಲ್ ಬುಕ್ ಮಾಡುವ ಮೊದಲು ನಿಮ್ಮ ಮನೆಯ ಹಿರಿಯರನ್ನೂ ಅದನ್ನೇ ಕೇಳಿ. ಆಮೇಲೆ ಮಾತ್ರೆ ಡಬ್ಬಿ ತೆರೆದು ಒಮ್ಮೆ ಎಣಿಸಿ.

ಸುಖವಾಗಿ ಹೋಗಿ ಬನ್ನಿ.

(ಇದು ಸಾಮಾನ್ಯ ಮಾಹಿತಿ. ನಿಮ್ಮ ಔಷಧಿಯಲ್ಲಿ ಯಾವ ಬದಲಾವಣೆ ಬೇಕಿದ್ದರೂ ನಿಮ್ಮ ವೈದ್ಯರನ್ನು ಕೇಳಿಯೇ ಮಾಡಿ. ಊರಿಗೆ ಹೊರಟಿರುವ ನಿಮ್ಮ ಬಂಧುಬಳಗಕ್ಕೂ ಇದನ್ನು ಕಳಿಸಿ.)