ವೈಯಕ್ತಿಕ ಆರೋಗ್ಯ ವಿಮೆ: ಸಂಘದ ಏಜೆನ್ಸಿಯ ಹೊಸ ಹೊಣೆ

ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸಬೇಕೆಂಬುದು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಕೊಳೆ ಹತ್ತಿ ಕಾಯಿ ಉದುರತೊಡಗಿದ ಮೇಲೆ ಓಡಾಡಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಆರೋಗ್ಯ ವಿಮೆಯೂ ಇದೇ ಜಾತಿಯದು. ಕಾಯಿಲೆ ಬಂದ ಮೇಲೆ ಕೊಳ್ಳುವ ವಸ್ತು ಅದಲ್ಲ.

ನಮ್ಮ ಸಂಘದ ವಿಮಾ ಏಜೆನ್ಸಿ ಇದುವರೆಗೆ ಜೀಪು, ಪಿಕಪ್, ಗೋದಾಮುಗಳ ವಿಮೆಗೆ ಸೀಮಿತವಾಗಿತ್ತು. ಇನ್ನು ಮುಂದೆ ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ಪಾಲಿಸಿಗಳನ್ನೂ ಒದಗಿಸಲು ಆಡಳಿತ ಮಂಡಳಿ ನಿರ್ಧರಿಸಿದೆ. ಈ ನಿರ್ಧಾರದ ಹಿಂದೆ ಒಂದು ಘಟನೆಯಿದೆ.

ನಮ್ಮ ಸದಸ್ಯರೊಬ್ಬರು ಹೊರಗಿನ ಏಜೆಂಟರ ಮೂಲಕ ಪಾಲಿಸಿ ಮಾಡಿಸಿದ್ದರು. ಸಕ್ಕರೆ ಕಾಯಿಲೆ ಇದೆಯೆಂದು ಬಾಯಿಮಾತಿನಲ್ಲಿ ಹೇಳಿಯೂ ಇದ್ದರು. ಅರ್ಜಿ ತುಂಬಿದವರು 'ಇಲ್ಲ' ಎಂದು ಬರೆದರು. ಇವರು ಓದದೆ ಸಹಿ ಹಾಕಿದರು. ಎರಡನೆಯ ವರ್ಷ ಹೃದಯದ ಚಿಕಿತ್ಸೆಗೆ ಮಂಗಳೂರಿಗೆ ಹೋದಾಗ ಕಂಪನಿ ಹಣ ನಿರಾಕರಿಸಿತು. ಕೊಯ್ಯದ ಮೆಣಸನ್ನು ಗಿಡದ ಮೇಲೆಯೇ ಮಾರಿ ಬಿಲ್ಲು ಕಟ್ಟಿದರು. ಆಮೇಲೆ ನಮ್ಮ ಕಚೇರಿಗೆ ಬಂದು, 'ಗೊಬ್ಬರ ಕೊಡುವ ಸಂಘ ಇದನ್ನೂ ಕೊಡಬಹುದಿತ್ತಲ್ಲ' ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಸರಕಾರದ ಯೋಜನೆಗಳಿರುವಾಗ ಇದೇಕೆ?

2002ರಲ್ಲಿ ಆರಂಭವಾದ ಯಶಸ್ವಿನಿ ಸಹಕಾರಿಗಳ ಹೆಮ್ಮೆಯ ಯೋಜನೆ. 2018ರಲ್ಲಿ ನಿಂತು 2022ರಲ್ಲಿ ಮತ್ತೆ ಆರಂಭವಾಯಿತು. ಅದನ್ನು ಯಾರೂ ಬಿಡಬಾರದು. ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗೆ, ನೋಂದಾಯಿತ ಆಸ್ಪತ್ರೆಯಲ್ಲಿ, ನಿಗದಿತ ದರದಲ್ಲಿ ಮಾತ್ರ ಅದರ ನೆರವು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಸೌಲಭ್ಯವಿದೆ; ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30 ಮಾತ್ರ, ಅದೂ 1.5 ಲಕ್ಷ ರೂ. ಮಿತಿಯೊಳಗೆ. ನಮ್ಮ ಸದಸ್ಯರಲ್ಲಿ ಅನೇಕರು ಈ ನಡುವಿನ ವರ್ಗದವರು. ಉಳಿದ ಹೊರೆ ತೋಟದ ಮೇಲೆಯೇ ಬೀಳುತ್ತದೆ.

ಕಂತಿನ ವಿಷಯದಲ್ಲಿಯೂ ಒಂದು ಅನುಕೂಲವಾಗಿದೆ. ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ. 18 ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ.

ಕೊಳ್ಳುವ ಮುನ್ನ ತಿಳಿಯಬೇಕಾದುದು

ಮೊದಲನೆಯದು ಕಾಯುವ ಅವಧಿ. ಸಾಮಾನ್ಯವಾಗಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಹಣ ದೊರೆಯದು. ಪಾಲಿಸಿಗೆ ಮೊದಲೇ ಇದ್ದ, ಅರ್ಜಿಯಲ್ಲಿ ತಿಳಿಸಿದ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳು ಕಾಯಬೇಕು. 2024ಕ್ಕೆ ಮೊದಲು ಇದು 48 ತಿಂಗಳಿತ್ತು. ಆದ್ದರಿಂದ ರಕ್ತದೊತ್ತಡ, ಸಕ್ಕರೆ ಇದ್ದವರು ಹೇಳಲು ಹೆದರಬೇಕಾಗಿಲ್ಲ. ಹೇಳಿದರೆ ಕಂತು ತುಸು ಹೆಚ್ಚಬಹುದು, ಕಾಯಬೇಕಾಗಬಹುದು, ಕೆಲವೊಮ್ಮೆ ಕಂಪನಿ ಅರ್ಜಿಯನ್ನೇ ಒಪ್ಪದಿರಬಹುದು. ಮುಚ್ಚಿಟ್ಟರೆ ಕಟ್ಟಿದ ಹಣವೂ ಹೋಗಿ, ಬೇಕಾದ ಹೊತ್ತಿಗೆ ಆಸರೆಯೂ ಇಲ್ಲದಂತಾಗುತ್ತದೆ.

ಎರಡನೆಯದು ಕೊಠಡಿ ಬಾಡಿಗೆಯ ಮಿತಿ. ಇದನ್ನು ಹೆಚ್ಚಿನವರು ಓದುವುದೇ ಇಲ್ಲ. ಒಂದು ಲೆಕ್ಕ ನೋಡೋಣ. ಪಾಲಿಸಿ 3 ಲಕ್ಷ ರೂ.ಗಳದ್ದು, ಕೊಠಡಿಗೆ ದಿನಕ್ಕೆ ಅದರ ಶೇ. 1, ಅಂದರೆ 3,000 ರೂ. ಮಿತಿ. ನೀವು 6,000 ರೂ. ಕೊಠಡಿಯಲ್ಲಿ ಐದು ದಿನ ಇದ್ದಿರಿ. ಬಾಡಿಗೆಯ ವ್ಯತ್ಯಾಸ 15,000 ರೂ. ನಿಮ್ಮದು. ಅಲ್ಲಿಗೇ ಮುಗಿಯಲಿಲ್ಲ. ವೈದ್ಯರ, ಶಸ್ತ್ರಚಿಕಿತ್ಸೆಯ ಶುಲ್ಕ 1 ಲಕ್ಷ ರೂ. ಆಗಿದ್ದರೆ, ಅದೇ ಪ್ರಮಾಣದಲ್ಲಿ ಅರ್ಧ ಕಡಿತವಾಗಿ 50,000 ರೂ. ಮಾತ್ರ ಸಿಗಬಹುದು. ಔಷಧಿ, ಪರೀಕ್ಷೆ, ಸ್ಟೆಂಟಿನಂಥ ಸಾಧನಗಳ ಬೆಲೆಗೆ ಈ ಕಡಿತ ಅನ್ವಯಿಸದು. ಒಟ್ಟಿನಲ್ಲಿ ಕೊಠಡಿಯ ಒಂದು ಆಯ್ಕೆಗೆ 65,000 ರೂ. ಕೈಯಿಂದ ಹೋಯಿತು. ಕಂತು ಅಗ್ಗವೆಂದು ಹಾರುವ ಮೊದಲು ಈ ಕಲಮನ್ನು ನೋಡಬೇಕು.

ಮೂರನೆಯದು ನವೀಕರಣದ ದಿನಾಂಕ. ವಾರ್ಷಿಕ ಕಂತಿಗೆ 30 ದಿನಗಳ ರಿಯಾಯಿತಿ ಅವಧಿಯಿದೆ. ಅದನ್ನೂ ಮೀರಿದರೆ ಪಾಲಿಸಿ ಬಿದ್ದುಹೋಗಿ, ಕಾಯುವ ಅವಧಿ ಮೊದಲಿನಿಂದ ಎಣಿಸಬೇಕಾಗುತ್ತದೆ. ಜುಲೈ ತಿಂಗಳಿನಲ್ಲಿ ಔಷಧಿ ಸಿಂಪರಣೆ, ಮಕ್ಕಳ ಶಾಲೆಯ ಖರ್ಚು, ಕೈಯಲ್ಲಿ ಕಾಸಿಲ್ಲ. ಕಾಫಿ ಮಾರಿದ ಹಣ ಬರುವ ಫೆಬ್ರವರಿ-ಮಾರ್ಚ್‌ಗೆ ನವೀಕರಣ ಬರುವಂತಿದ್ದರೆ ಒಳ್ಳೆಯದು. ಹಾಗೆಂದು ಏನೂ ಇಲ್ಲದವರು ಅಲ್ಲಿಯವರೆಗೆ ಕಾದು ಕುಳಿತುಕೊಳ್ಳಬೇಕೆಂದಲ್ಲ.

ಸಂಘ ಮಾಡುವುದೇನು?

ಸಹಕಾರ ಸಂಘಗಳು ವಿಮಾ ಪ್ರಾಧಿಕಾರದಲ್ಲಿ ಕಾರ್ಪೊರೇಟ್ ಏಜೆಂಟರಾಗಿ ನೋಂದಾಯಿಸಿಕೊಳ್ಳಲು ಅವಕಾಶವಿದೆ. 2022ರ ತಿದ್ದುಪಡಿಯ ನಂತರ ಆರೋಗ್ಯ ವಿಭಾಗದಲ್ಲಿ 9 ಕಂಪನಿಗಳವರೆಗೆ ಒಪ್ಪಂದ ಮಾಡಿಕೊಳ್ಳಬಹುದು. ನಮಗೆ ಅಷ್ಟು ಬೇಕಿಲ್ಲ. ಹೋಲಿಸಿ ನೋಡಲು ಎರಡು-ಮೂರು ಸಾಕು. ತರಬೇತಿ ಪಡೆದು ಪರೀಕ್ಷೆ ಪಾಸಾದ ಸಿಬ್ಬಂದಿ ಮಾತ್ರ ಪಾಲಿಸಿ ವಿವರಿಸುತ್ತಾರೆ. ಅರ್ಜಿಯ ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿ ಹೇಳಿ, ನಿಮ್ಮ ಉತ್ತರವನ್ನೇ ಬರೆದು, ಒಂದು ಪ್ರತಿಯನ್ನು ನಿಮ್ಮ ಕೈಗೆ ಕೊಡಲಾಗುವುದು. ಪಾಲಿಸಿ ಬಂದ ಮೇಲೆ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹಿಂದಿರುಗಿಸಬಹುದು.

ಕಮಿಷನ್ ಸಂಘಕ್ಕೆ ಬರುತ್ತದೆ. ಇದನ್ನು ಮುಚ್ಚಿಡುವುದಿಲ್ಲ, ಮಹಾಸಭೆಯ ಲೆಕ್ಕಪತ್ರದಲ್ಲಿ ಪ್ರತ್ಯೇಕವಾಗಿ ತೋರಿಸುತ್ತೇವೆ. ಅದರಲ್ಲಿ ಸ್ವಲ್ಪ ಬಿಟ್ಟುಕೊಡಿ ಎಂದು ಯಾರೂ ಕೇಳಬಾರದು; ವಿಮಾ ಕಾಯಿದೆಯ 41ನೇ ಕಲಮು ಅದನ್ನು ನಿಷೇಧಿಸಿದೆ. ಸಾಲಕ್ಕೂ ಪಾಲಿಸಿಗೂ ಯಾವ ಸಂಬಂಧವೂ ಇಲ್ಲ. ಕೊಳ್ಳದವರಿಗೆ ಗೊಬ್ಬರವಾಗಲಿ ಸಾಲವಾಗಲಿ ನಿಲ್ಲದು.

ಜೀಪಿನ ವಿಮೆ ಮಾರಿದವನ ಕೆಲಸ ಬಹುಮಟ್ಟಿಗೆ ಅಂದೇ ಮುಗಿಯುತ್ತದೆ. ಆರೋಗ್ಯ ವಿಮೆಯಲ್ಲಿ ಕೆಲಸ ಶುರುವಾಗುವುದು ಆಸ್ಪತ್ರೆಯಿಂದ ಫೋನು ಬಂದಾಗ. ಹಣ ಕೊಡುವುದು ಬಿಡುವುದು ಕಂಪನಿಯ ತೀರ್ಮಾನ. ಸಂಘ ಭರವಸೆ ಕೊಡಲಾರದು. ಆದರೆ ಕಾಗದಪತ್ರ ಜೋಡಿಸುವುದು, ಅನ್ಯಾಯವೆನಿಸಿದರೆ ಮೊದಲು ಕಂಪನಿಗೆ, ಆನಂತರ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ರಿಗೆ ಶುಲ್ಕವಿಲ್ಲದೆ ದೂರು ಬರೆಯುವುದು, ಇಷ್ಟಕ್ಕೆ ನಾವು ನಿಮ್ಮ ಜತೆ ನಿಲ್ಲುತ್ತೇವೆ. ಅಷ್ಟು ಮಾಡಲಾಗದಿದ್ದರೆ ಈ ಏಜೆನ್ಸಿ ನಮಗೆ ಬೇಡ.

ಸದಸ್ಯ ಬಾಂಧವರು ಹಳೆಯ ಪಾಲಿಸಿಗಳಿದ್ದರೆ ಅವನ್ನೂ, ವೈದ್ಯರ ಚೀಟಿಗಳನ್ನೂ ತೆಗೆದುಕೊಂಡು ಕಚೇರಿಗೆ ಬರಬೇಕೆಂದು ಕೋರುತ್ತೇವೆ. ಮನೆಯವರನ್ನೂ ಕರೆತನ್ನಿ. ಯಾರಿಗೆ ಯಾವ ಮಾತ್ರೆ ಎಂಬುದು ಅವರಿಗೇ ಸರಿಯಾಗಿ ಗೊತ್ತಿರುತ್ತದೆ.