ಗೃಹ ಜನರೇಟರಿಗೆ ಕೈಚಾಲಿತ ಚೇಂಜ್‌ಓವರ್ ಸ್ವಿಚ್ಚು

ಶಾಸನಗಳಿಗೂ ಕೋಟೆಬಾಗಿಲುಗಳಿಗೂ ಮೀಸಲಾದ ಈ ಪುಟಗಳಲ್ಲಿ ವಿದ್ಯುತ್ ಸ್ವಿಚ್ಚೊಂದರ ವಿಚಾರ ಬರುವುದು ಕೆಲವು ವಾಚಕರಿಗೆ ವಿಚಿತ್ರವೆನಿಸೀತು. ಕ್ಷೇತ್ರಕಾರ್ಯಕ್ಕಾಗಿ ಆನೆಗೊಂದಿಯಲ್ಲಿ ತಂಗಿದ್ದಾಗ ನಾವು ಕಂಡ ಸಂಗತಿಯೊಂದು ಇದನ್ನು ಬರೆಯಿಸಿದೆ. ರಾತ್ರಿ ವಿದ್ಯುತ್ತು ನಿಂತಾಗ ನಮ್ಮ ಆತಿಥೇಯರು ಹಿತ್ತಲಿನ ಚಿಕ್ಕ ಜನರೇಟರನ್ನು ಚಾಲೂ ಮಾಡಿ, ಎರಡು ತುದಿಗೂ ಪ್ಲಗ್ಗುಗಳಿದ್ದ ತಂತಿಯಿಂದ ಅದನ್ನು ಗೋಡೆಯ ಸಾಕೆಟ್ಟಿಗೆ ಜೋಡಿಸಿದರು. ದೀಪಗಳು ಕ್ಷಣಕಾಲ ಮಿನುಗಿದವು. ಯಂತ್ರ ನರಳಿ ನಿಂತುಹೋಯಿತು. ಮೇನ್ ಸ್ವಿಚ್ಚನ್ನು ಆರಿಸಲು ಅವರು ಮರೆತಿದ್ದರು. ಬಡ ಯಂತ್ರವು ನೆರೆಮನೆಗಳ ಭಾರವನ್ನೂ ಹೊರಲು ಹೋಗಿತ್ತು.

ಯಂತ್ರ ನಿಂತದ್ದು ಪುಣ್ಯವೆಂದೇ ಹೇಳಬೇಕು. ಮನೆಯ ಬಳಿಯಲ್ಲೇ ತಂತಿ ಕಡಿದು ಬಿದ್ದಿದ್ದರೆ ನೆರೆಯ ಭಾರವಿರುತ್ತಿರಲಿಲ್ಲ. ಯಂತ್ರ ನಿಲ್ಲದೆ, ಬಿದ್ದ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಲೇ ಇರುತ್ತಿತ್ತು. ಅದಕ್ಕಿಂತಲೂ ಭಯಂಕರವಾದುದು ಟ್ರಾನ್ಸ್‌ಫಾರ್ಮರಿನ ಸ್ವಭಾವ. 11,000 ವೋಲ್ಟನ್ನು ಗೃಹೋಪಯೋಗಿ 230 ವೋಲ್ಟಿಗೆ ಇಳಿಸುವ ಆ ಸಾಧನವೇ, ಮನೆಯ ಕಡೆಯಿಂದ ವಿದ್ಯುತ್ತು ಹಿಂದಕ್ಕೆ ನುಗ್ಗಿದರೆ, ಅದನ್ನು ಸಾವಿರಾರು ವೋಲ್ಟಿಗೆ ಏರಿಸಬಲ್ಲುದು. ಲೈನು ಸತ್ತಿದೆಯೆಂದು ನಂಬಿ ಕಂಬವೇರಿದ ಲೈನ್‌ಮನ್ನನ ಪ್ರಾಣವು ಹೀಗೆ ಪರರ ಮರೆವಿಗೆ ಒತ್ತೆಯಾಗುತ್ತದೆ.

ಮನೆಯ ತಂತಿ ಮನೆಯದಷ್ಟೇ ಅಲ್ಲವೆಂಬುದನ್ನು ಇತಿಹಾಸವೂ ತೋರಿಸುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಾಗ ಅದು ಒಂದೇ ಎಳೆಯ ದಾರಿ. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ ಮಾರ್ಗವು ದಕ್ಷಿಣದ ಜಾಲವನ್ನು ದೇಶದ ಉಳಿದ ಜಾಲದೊಡನೆ ಬೆಸೆಯಿತು. ಆನೆಗೊಂದಿಯ ಹೆಂಚಿನ ಮನೆಯೂ ಈಗ ಅದರದೊಂದು ತುದಿ.

ಚೇಂಜ್‌ಓವರ್ ಸ್ವಿಚ್ಚಿಗೆ ಮೂರು ಸ್ಥಾನಗಳುಂಟು: ಒಂದು ಕಡೆ ಲೈನು, ಇನ್ನೊಂದು ಕಡೆ ಜನರೇಟರು, ನಡುವೆ ಸೊನ್ನೆ. ಹಿಡಿಕೆಯು ಒಂದನ್ನು ಬಿಟ್ಟು ಸೊನ್ನೆಯನ್ನು ದಾಟದೆ ಇನ್ನೊಂದನ್ನು ಹಿಡಿಯಲಾರದು. ವಿಜಯನಗರದ ಕಾಲದ ಕಾಲುವೆಗಳಿಂದ ಇಂದಿಗೂ ಗದ್ದೆಗೆ ನೀರುಣಿಸುವ ಇಲ್ಲಿನ ರೈತರಿಗೆ ತೂಬಿನ ಹೋಲಿಕೆ ತೋಚೀತು. ಆದರೆ ತೂಬನ್ನು ಅರೆ ತೆರೆದಿಡಬಹುದು, ಇದನ್ನು ಹಾಗೆ ಇಡಲಾಗದು. ಮನುಷ್ಯನ ನೆನಪನ್ನು ನಂಬದಿರುವುದೇ ಇದರ ಗುಣ.

ಇದನ್ನು ಕೂರಿಸತಕ್ಕ ಸ್ಥಳವು ಮೀಟರು ಮತ್ತು ಮೇನ್ ಸ್ವಿಚ್ಚುಗಳ ಅನಂತರ, ಮನೆಯ ಹಂಚಿಕೆ ಪೆಟ್ಟಿಗೆಗೆ ಮೊದಲು. ಒಂದೇ ಫೇಸಿನ ಮನೆಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬೇರ್ಪಡಿಸುವ ಎರಡು ಧ್ರುವದ ಸ್ವಿಚ್ಚು ಬೇಕು. ಮೂರು ಫೇಸಿಗೆ ನಾಲ್ಕು ಧ್ರುವದ್ದು. ಅಳತೆಯಲ್ಲಿ ಬಹುಜನರು ತಪ್ಪುವುದುಂಟು. 3 ಕೆವಿಎ ಜನರೇಟರು ಕೊಡುವುದು ಸುಮಾರು 13 ಆಂಪಿಯರ್. ಆದರೆ ಲೈನಿನ ವಿದ್ಯುತ್ತೂ ಇದೇ ಸ್ವಿಚ್ಚಿನ ಮೂಲಕ ಬರುವುದರಿಂದ, ಮೇನ್ 32 ಆಂಪಿಯರಿನದಾದರೆ ಇದೂ ಅದಕ್ಕೆ ಕಡಿಮೆಯಿರಕೂಡದು. ಜನರೇಟರಿನ ಲೋಹದ ಮೈಗೆ ಅರ್ತಿಂಗ್ ಮಾಡಿಸಬೇಕು. ಯಂತ್ರವು ಮನೆಯ ಹೊರಗೆ, ಕಿಟಕಿಗಳಿಂದ ದೂರವಿರಬೇಕು. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಈ ಕೆಲಸವು ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರದು. ಇದನ್ನೋದಿ ಯಾರೂ ತಾವೇ ಸ್ಕ್ರೂಡ್ರೈವರ್ ಹಿಡಿಯಬಾರದು.

ಬಳಸುವ ಕ್ರಮ ಸುಲಭ. ಹಿಡಿಕೆಯನ್ನು ಸೊನ್ನೆಗೆ ತಂದು ಯಂತ್ರವನ್ನು ಚಾಲೂ ಮಾಡಿ, ಅದರ ಓಟ ಸ್ಥಿರವಾದ ಮೇಲೆ ಜನರೇಟರಿನ ಕಡೆಗೆ ತಿರುಗಿಸುವುದು. ನೀರಿನ ಪಂಪಿನಂಥ ಭಾರಗಳನ್ನು ಮೊದಲೇ ಆರಿಸಿರಬೇಕು. ಲೈನು ಬಂದಮೇಲೆ ಸೊನ್ನೆಯ ಮೂಲಕವೇ ಹಿಂತಿರುಗಿ, ಭಾರವಿಲ್ಲದೆ ಸ್ವಲ್ಪ ಹೊತ್ತು ಓಡಿಸಿ ಯಂತ್ರವನ್ನು ನಿಲ್ಲಿಸುವುದು.

ಮುಂದಿನ ಭೇಟಿಯಲ್ಲಿ ಆ ಮನೆಯ ಗೋಡೆಯ ಮೇಲೆ ಕಬ್ಬಿಣದ ಪೆಟ್ಟಿಗೆಯೊಂದನ್ನು ಕಂಡೆವು. ‘ಲೈನ್’, ‘ಇಂಜಿನ್’ ಎಂದು ಬಣ್ಣದಲ್ಲಿ ಬರೆದಿತ್ತು. ಎರಡು ಪ್ಲಗ್ಗಿನ ಹಳೆಯ ತಂತಿಯು ಮಾತ್ರ ಅಟ್ಟದ ಮೇಲೆ ಸುತ್ತಿಟ್ಟಂತೆಯೇ ಇತ್ತು. ಕೇಳಿಕೊಂಡು, ನಮ್ಮೆದುರಿಗೇ ಅದರ ಒಂದು ಪ್ಲಗ್ಗನ್ನು ಕತ್ತರಿಸಿಹಾಕಿಸಿದೆವು.